ಕೋರ್ಟಿನ ಬೀಗ

"ತೋಳು ಸ್ವಲ್ಪ ಎತ್ತಿ ಹಿಡೀರಿ ಅತ್ತಿಗೆ," ಎಂದ ಮೈದುನ. ಸತ್ತ ಅಣ್ಣನ ಮೈಮೇಲಿನ ಅಂಗಿ ಬಿಡಿಸುವುದು ಅವನೊಬ್ಬನ ಕೈಲಿ ಆಗುತ್ತಿರಲಿಲ್ಲ. ಅಂತೂ ಬಿಡಿಸಿದಾಗ ಜೇಬಿನಿಂದ ಪುಟ್ಟ ಎಣ್ಣೆ ಬಾಟಲಿಯೊಂದು ಉರುಳಿ ಬಿತ್ತು. ಹೊಲಿಗೆ ಯಂತ್ರಕ್ಕೆ ಹಾಕುವಂಥದ್ದು, ಅರ್ಧ ಖಾಲಿ.

"ಬೀಗದ ಕೆಲಸ ಬಿಟ್ಟು ಮೂರು ವರ್ಷ ಆಯ್ತು. ಇದ್ಯಾಕೆ ಇವರ ಹತ್ರ?" ಎಂದಳು ಹೆಂಡತಿ.

"ಅಭ್ಯಾಸ," ಎಂದಳು ಪಕ್ಕದ ಮನೆಯಾಕೆ. "ನಮ್ಮೆಜಮಾನ್ರು ರಿಟೈರ್ ಆದ್ಮೇಲೂ ಬೆಳಿಗ್ಗೆ ಶೂ ಹಾಕ್ಕೊಂಡು ಕೂತಿರ್ತಿದ್ರು. ಹೋಗೋಕೆ ಮಾತ್ರ ಜಾಗ ಇಲ್ಲ."

ಹೆಂಡತಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು.

"ನೋಡಪ್ಪಾ, ಗಾಡೀನ ನಮ್ಮ ಅಂಗಡಿ ಮುಂದೆ ನಿಲ್ಲಿಸೋಕೆ ಹೇಳು. ಸುತ್ತಿಗೇನೂ ತಗೋ. ಇವತ್ತು ಆ ಕೋರ್ಟಿನ ಬೀಗ ಒಡೀತೀನಿ. ಇವರ ಸಾಮಾನು ಇವರ ಜೊತೆಗೇ ಹೋಗ್ಲಿ."

"ಅತ್ತಿಗೆ, ಕೇಸು ಇನ್ನೂ ಇದೆ. ನಿಮ್ಮ ಹೆಸರಲ್ಲಿ ಮುಂದುವರಿಸಬಹುದಂತೆ. ಒಡೆದ್ರೆ ಅಂಗಡಿ ಆಸೆ ಬಿಟ್ಟ ಹಾಗೇ."

"ಕೋರ್ಟು ಕೇಳಿದ ಠೇವಣಿ ನೀನು ಕಟ್ತೀಯಾ?"

ಅವನು ಸುತ್ತಿಗೆ ಹುಡುಕಲು ಒಳಗೆ ಹೋದ.

*

ಬೀಗ ರಿಪೇರಿ ಅಂಗಡಿಯ ಬಾಡಿಗೆ ತಕರಾರಿನಲ್ಲಿ ಅವಳ ಗಂಡ ಸೋತ ಮೇಲೆ ಕೋರ್ಟಿನವರು ಬಂದು ತಮ್ಮ ಬೀಗ ಜಡಿದಿದ್ದರು. ಅರಗಳು, ಕೀಲಿ ಕೊರೆಯುವ ಯಂತ್ರ, ಎಲ್ಲವೂ ಒಳಗೇ ಉಳಿದವು. ಅವನು ಮೇಲ್ಮನವಿ ಹಾಕಿದ. ಇವನು ಸೋತರೆ ಎದುರು ಕಡೆಯ ಖರ್ಚು ಯಾರು ಕೊಡುತ್ತಾರೆ, ಮೊದಲು ಅದಕ್ಕೆ ಭದ್ರತೆಯಾಗಿ ಹಣ ಕಟ್ಟಲಿ, ಆಮೇಲೆ ವಿಚಾರಣೆ ಎಂದಿತು ಮೇಲಿನ ಕೋರ್ಟು.

"ದುಡ್ಡು ಬೇಕಂದ್ರೆ ದುಡೀಬೇಕು ಸಾರ್," ಎಂದು ತನ್ನ ವಕೀಲರಿಗೆ ಹೇಳಿದ. "ದುಡಿಯೋ ಸಾಮಾನು ಒಳಗಿದೆ. ಒಳಗೆ ಹೋಗೋಕೆ ಕೇಸು ನಡೀಬೇಕು. ಕೇಸು ನಡೆಯೋಕೆ ದುಡ್ಡು ಬೇಕು."

"ಬೀಗದೋರು ನೀವೇ ಅಲ್ವಾ? ಇದಕ್ಕೂ ಒಂದು ಕೀಲಿ ಮಾಡಿ," ಎಂದು ನಗುತ್ತಾ ವಕೀಲರು ಇನ್ನೊಂದು ವಾಯಿದೆ ಕೇಳಲು ಹೋದರು.

ಮನೆಯಲ್ಲಿ ಹೆಂಡತಿ ರೇಗಿದಳು. "ಊರವರ ಬೀಗ ಎಲ್ಲಾ ತೆಗೀತೀರಿ. ಅದೊಂದು ಕೈಲಾಗಲ್ವಾ?"

"ಕಣ್ಮುಚ್ಕೊಂಡು ತೆಗೀತೀನಿ ಕಣೇ. ಆದ್ರೆ ಯಜಮಾನ ಪಕ್ಕದಲ್ಲಿ ನಿಲ್ಲದೆ ಯಾವ ಬೀಗಾನೂ ತೆಗೆದೋನಲ್ಲ ನಾನು. ಇದರ ಯಜಮಾನ್ರು ಜಡ್ಜು. ಅವರು ಬಂದು ನಿಲ್ಲಲಿ."

ಜಡ್ಜು ಯಾಕೆ ಬರುತ್ತಾರೆ? ಇವನು ಯಾರದೋ ಗೋದಾಮಿಗೆ ಕಾವಲು ಕೂತ. ಬೀಗ ತೆಗೆಯುತ್ತಿದ್ದವನು ಬೀಗ ಕಾಯುವುದನ್ನು ನೋಡಿ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ರಜೆಯ ದಿನ ಮಾತ್ರ, ಗಾಳಿ ತಗೊಂಡು ಬರ್ತೀನಿ ಎಂದು ಒಬ್ಬನೇ ಹೊರಗೆ ಹೋಗುತ್ತಿದ್ದ.

*

ಶವದ ಗಾಡಿ ಅಂಗಡಿಯ ಮುಂದೆ ನಿಂತಿತು. ಶಟರಿನ ಬಣ್ಣ ಎದ್ದು ಪೂರ್ತಿ ತುಕ್ಕು ಹಿಡಿದಿತ್ತು. ಅವಳು ಸುತ್ತಿಗೆ ಎತ್ತಿ, ಎಡಗೈಯಲ್ಲಿ ಬೀಗ ಹಿಡಿದಳು. ಬೆರಳು ಜಾರಿತು.

ಬೀಗಕ್ಕೆ ಚೂರೂ ತುಕ್ಕಿರಲಿಲ್ಲ. ಕೀಲಿ ತೂತಿನ ಸುತ್ತ ಎಣ್ಣೆ ಜಿನುಗಿತ್ತು.

"ಅಣ್ಣ ಇಲ್ಲಿಗೆ ಬರ್ತಿದ್ನಾ?" ಎಂದ ಮೈದುನ.

"ಗಾಳಿ ತಗೊಳ್ಳೋಕೆ ಅಂತಿದ್ರು." ಬೆಳಗಿನಿಂದ ಬಾರದ ಅಳು ಈಗ ಒತ್ತರಿಸಿ ಬಂತು.

ಹಿಂದೆ ನಿಂತ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಅವಳು ಸುತ್ತಿಗೆಯನ್ನು ಮೈದುನನ ಕೈಗೆ ಕೊಟ್ಟಳು. ಚೀಲದಿಂದ ಬಾಟಲಿ ತೆಗೆದು, ಬೀಗವನ್ನು ತುಸು ಓರೆ ಮಾಡಿ, ಕೀಲಿ ತೂತಿಗೆ ಎರಡು ಹನಿ ಬಿಟ್ಟಳು.