ಎಡಗಡೆಯ ಕಣ್ಣು

ಬಂಗಾರಪೇಟೆಯ ಕಣ್ಣಾಸ್ಪತ್ರೆಯಲ್ಲಿ ಜಯರಾಮಪ್ಪ ಮದುವೆ ಗಂಡಿನ ಹಾಗೆ ಬೆವರುತ್ತಾ ಕಂಪ್ಯೂಟರಿನ ಮುಂದೆ ಕೂತಿದ್ದ. ವಯಸ್ಸಾದ ವ್ಯಾನ್ ಡ್ರೈವರುಗಳು ಪರೀಕ್ಷೆ ಮಾಡಿಸಿಕೊಂಡೇ ಬರಬೇಕೆಂದು ಕೆಜಿಎಫ್‌ನ ಸ್ಕೂಲಿನವರು ಹಟ ಹಿಡಿದಿದ್ದರು. ಧೈರ್ಯಕ್ಕಿರಲಿ ಎಂದು ಕ್ಲೀನರ್ ಪೆರುಮಾಳನನ್ನೂ ಕರೆತಂದು ಬೆನ್ನ ಹಿಂದೆಯೇ ಕೂರಿಸಿಕೊಂಡಿದ್ದ.

"ತಾತ, ಪರದೆ ನಡುವಿನ ಕಾರ್ ಮೇಲೆ ಕಣ್ಣಿಡಿ. ಪಕ್ಕದಲ್ಲಿ ಏನಾದ್ರೂ ಮಿಂಚಿದ್ರೆ ಆ ಕಡೆ ಗುಂಡಿ ಒತ್ತಿ," ಎಂದಳು ಪರೀಕ್ಷೆ ಮಾಡುವ ತ್ರಿವೇಣಿ.

ಬಲಗಡೆ ಮಿಂಚಿತು, ಜಯರಾಮಪ್ಪ ಟಕ್ಕೆಂದು ಒತ್ತಿದ. ಎಡಗಡೆ ಮಿಂಚಿತು, ಕೈ ಏಳಲೇ ಇಲ್ಲ. ಪೆರುಮಾಳನ ಬೆರಳು ತಾನಾಗಿ ಕುರ್ಚಿಯ ಬೆನ್ನು ತಟ್ಟಿತು. ಎಡಕ್ಕೆ ಸ್ಕೂಟರೋ ದನವೋ ಬಂದಾಗ ವ್ಯಾನಿನ ತಗಡು ತಟ್ಟುವ ಬೆರಳಲ್ಲವೇ ಅದು! ಜಯರಾಮಪ್ಪ ಎಡಗುಂಡಿ ಒತ್ತಿದ. ತಟ್ಟಿದ್ದಕ್ಕೆ ಒತ್ತಿದೆ ಎಂಬುದು ಅವನಿಗೂ ತಿಳಿಯಲಿಲ್ಲ, ಅಷ್ಟು ರೂಢಿ. ಕೊನೆಯವರೆಗೂ ಹಾಗೇ ನಡೆಯಿತು. ತ್ರಿವೇಣಿ ನೋಡುತ್ತಿದ್ದದ್ದು ತನ್ನ ಪರದೆಯನ್ನು.

"ಪಾಸ್, ತಾತ."

ಜಯರಾಮಪ್ಪನಿಗೆ ಸ್ವರ್ಗ ಮೂರೇ ಗೇಣು. ಹೊರಗೆ ಬಂದು ಇಬ್ಬರಿಗೂ ಟೀ ಹೇಳಿದ. ಪೆರುಮಾಳ್ ಕುಡಿಯದೆ ಲೋಟ ಹಿಡಿದೇ ನಿಂತ. ಜಯರಾಮಪ್ಪನಿಗೆ ಎಡಗಡೆ ಕಾಣದು ಎಂದು ಅವನಿಗೆ ಗೊತ್ತಿತ್ತು. ನಾನಿದ್ದೀನಲ್ಲ ಎಂದುಕೊಂಡು ದಿನ ದೂಡಿದ್ದ. ನಾಳೆ ತನಗೊಂದು ಜ್ವರ ಬಂದು ಮಲಗಿದರೆ ಮಕ್ಕಳ ಗತಿ? ಈಗ ಕಂಪ್ಯೂಟರ್ ಕೈಯಲ್ಲೂ ಸುಳ್ಳು ಹೇಳಿಸಿಬಿಟ್ಟೆನಲ್ಲ, ಥೂ ನನ್ನ ಜನ್ಮಕ್ಕೆ ಎಂದು ಬೈದುಕೊಂಡ. ಲೋಟ ಇಟ್ಟು ಒಳಗೆ ಹೋಗಿ ತ್ರಿವೇಣಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅವಳು ಜಯರಾಮಪ್ಪನನ್ನು ಮತ್ತೆ ಕರೆದು ಕೂರಿಸಿದಳು. ಈ ಸಲ ಪೆರುಮಾಳ್ ಬಾಗಿಲಾಚೆ ನಿಂತ. ಜಯರಾಮಪ್ಪ ಫೇಲಾಗಿ ಹೊರಬಂದ. ಬೈಯಲಿ, ಬೇಕಾದರೆ ಕೆನ್ನೆಗೆ ಬಾರಿಸಲಿ ಎಂದು ಪೆರುಮಾಳ್ ತಲೆ ತಗ್ಗಿಸಿದ.

ಜಯರಾಮಪ್ಪ ಬೆಂಚಿನ ಮೇಲೆ ಕೂತ. "ಯಾವಾಗಿಂದ ಗೊತ್ತಿತ್ಲಾ ನಿಂಗೆ?"

"ಬೇತಮಂಗಲದ ಕೆರೆ ಏರಿ ಮ್ಯಾಲೆ ಸೈಕಲ್ಲೋನು ಸ್ವಲ್ಪದ್ರಾಗೆ ಉಳ್ಕೊಂಡ್ನಲ್ಲಣ್ಣಾ, ಆವತ್ತಿಂದ."

"ಅದು ಓದ ವರ್ಸ." "ನನ್ ಮೊಮ್ಮಗಳು ದಿನಾ ಅದೇ ವ್ಯಾನಾಗೆ ಬತ್ತಾಳೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದಾ?"

ನಿನ್ನ ಮೇಲಿನ ಪ್ರೀತಿಗೆ ಸುಮ್ಮನಿದ್ದೆ ಎನ್ನಬಹುದಿತ್ತು. ಆ ಮುಖದೆದುರು ಸುಳ್ಳು ಬರಲಿಲ್ಲ.

"ಒಸ ಡ್ರೈವರ್ ಬಂದ್ರೆ ಅವನ್ದೇ ಕ್ಲೀನರ್ನ ಕರ್ಕೊಂಬತ್ತಾನೆ," ಎಂದ ಪೆರುಮಾಳ್. "ನನ್ ಕೆಲ್ಸ ಓಗ್ತದೆ ಅಂತ ಅಣ್ಣಾ."

ಜಯರಾಮಪ್ಪ ಎದ್ದು ಸ್ಟೇಷನ್ ಕಡೆ ನಡೆದ. ಪೆರುಮಾಳ್ ಹಿಂದೆಯೇ ಹೋದ. ಊರಿಗೆ ಹೋಗುವ ರೈಲಿಗೆ ಜಯರಾಮಪ್ಪ ಒಂದೇ ಟಿಕೆಟ್ ತೆಗೆದುಕೊಂಡ.