ಚತುರ್ದಶಿಯ ಮೋಜಣಿ

ಅಲಕಾ ಯಾವ ಕಾಗದವನ್ನೂ ಮೂರು ಸಲ ಓದದೆ ಕೆಳಗಿಡುವವಳಲ್ಲ. ಕಸಬೆ ಡಿಗ್ರಜದಲ್ಲಿ ಕೃಷ್ಣೆಯ ದಂಡೆಗಿದ್ದ ಮಾವನ ಎರಡೆಕರೆ ಜಾಲಿಬನವನ್ನು ಸರ್ಕಾರ ವನ್ಯಜೀವಿಗಳ ‘ಸಮುದಾಯ ಮೀಸಲು ಪ್ರದೇಶ’ ಎಂದು ಘೋಷಿಸಲಿ ಎಂದು ಅರ್ಜಿ ಬರೆದವಳು ಅವಳೇ. ಗಡಿ ಅಳೆಯಲು ಮಿರಜಿನಿಂದ ಮೋಜಣಿದಾರನನ್ನು ಕರೆಸಿದವಳೂ ಅವಳೇ. ಕೊರಗು ಒಂದೇ ಉಳಿದಿತ್ತು. ಬನದಂಚಿನ ಮುಳ್ಳುಪೊದೆಯಲ್ಲಿ ಹೆಣ್ಣು ನವಿಲೊಂದು ಕಾವಿಗೆ ಕೂತಿತ್ತು. ಮಾವ ತವನಪ್ಪ ಅದನ್ನು ನಂಬದೆ, ಅರ್ಧ ಪೊದೆಯನ್ನು ಕಬ್ಬಿಗೆಂದು ನಕ್ಷೆಯಿಂದ ಹೊರಗಿಟ್ಟಿದ್ದರು.

ಮೋಜಣಿದಾರ ಸುಶಾಂತ ನಕ್ಷೆ ಬಿಡಿಸಿದ. “ಕಾಕಾ, ಗೆರಿ ಪೊದಿ ನಡುವ ಹೋಗತೈತಿ. ಒಂದೀಟು ಸವರಬೇಕ್ರಿ,” ಎಂದು ಕುಡುಗೋಲು ತೆಗೆದ.

“ಕೈ ಹಚ್ಚಬ್ಯಾಡ!” ತವನಪ್ಪ ಅಡ್ಡ ನಿಂತರು. “ಇವತ್ತ ಚತುರ್ದಶಿ. ನಮ್ಮ ಜೈನರ ಮನ್ಯಾಗ ಕೊತಂಬರಿನೂ ಹೆಚ್ಚೂದಿಲ್ಲ. ಹಸರು ಕಡ್ಯಾಕ ಬಿಡ್ತೇನೇನು?”

ತಪ್ಪು ಅಲಕಾಳದೇ. ದಿನ ಗೊತ್ತು ಮಾಡುವಾಗ ಸರ್ಕಾರಿ ರಜೆಗಳನ್ನೆಲ್ಲ ನೋಡಿದ್ದಳು, ತಿಥಿ ನೋಡಿರಲಿಲ್ಲ.

“ಎಲ್ಲಾ ಮೂರ ಸಲ ಓದಾಕಿ, ಪಂಚಾಂಗ ಒಂದ ಬಿಟ್ಟಿಯಲ್ಲವಾ!” ಎಂದು ಮಾವ ಚುಚ್ಚಿದರು. “ನಾಳಿ ಬಾರಪಾ ತಮ್ಮಾ.”

“ನಾಳಿ ಆಗೂದಿಲ್ರಿ, ಇನ್ನ ನಿಮ್ಮ ಪಾಳಿ ಎರಡ ತಿಂಗಳಿಗೆ. ಕಡೀಬಾರ್ದಂದ್ರ ಬನದ ಕಡಿಂದ ಗೆರಿ ಎಳೀತೇನಿ, ಪೊದಿ ಪೂರಾ ಹೊರಗ. ಇಲ್ಲಾ ಕಬ್ಬಿನ ಕಡಿಂದ, ಪೂರಾ ಒಳಗ. ಹೇಳ್ರಿ.”

ತವನಪ್ಪ ಸೊಸೆಯತ್ತ ತಿರುಗಿದರು. “ಒಳಗ ತಗೊಂಡ್ರೂ ಮುಂದ ಯಾವಾಗರ ಕಬ್ಬ ಹಚ್ಚಬಹುದಲ್ಲ?”

ಹೂಂ ಎಂದುಬಿಟ್ಟರೆ ನವಿಲು ಉಳಿಯುತ್ತಿತ್ತು.

“ಇಲ್ರಿ ಮಾಮಾ,” ಎಂದಳು ಅಲಕಾ, ಒಂದೊಂದೇ ಮಾತು ತೂಗಿ. “ಜಮೀನು ನಿಮ್ಮದ ಇರತೈತಿ. ಆದ್ರ ಘೋಷಣಾ ಆದಮ್ಯಾಲ ಏನ ಬದಲ ಮಾಡಬೇಕಂದ್ರೂ ಮೀಸಲಿನ ಸಮಿತಿ ಠರಾವ ಮಾಡಬೇಕು, ಸರ್ಕಾರ ಒಪ್ಪಬೇಕು.”

“ಅಂದ್ರ ಸುಮ್ನ ಕಡ್ಯಾಕಾಗೂದಿಲ್ಲ?”

“ಇಲ್ರಿ.”

ಪೊದೆಯೊಳಗೆ ಏನೋ ಸರಕ್ಕೆಂದಿತು. ತವನಪ್ಪ ಬಗ್ಗಿ ನೋಡಿದರು. ಕುಡುಗೋಲಿನಿಂದ ಮೊಳ ದೂರದಲ್ಲಿ ನವಿಲು ಮೊಟ್ಟೆ ಬಿಟ್ಟೇಳದೆ ಅವರನ್ನೇ ದಿಟ್ಟಿಸುತ್ತಿತ್ತು.

“ಅಬಾಬಾ, ಖರೇನ ಅದಾಳ!” ಎಂದು ಪಿಸುಗುಟ್ಟಿ, ಮೆಲ್ಲಗೆ ಹಿಂದೆ ಸರಿದು ನಕ್ಕರು. “ಹಂಗಾರ ಇನ್ನ ಈ ಪೊದಿಗೆ ದಿನಾ ಚತುರ್ದಶಿ ಆತಲ್ಲ! ಕಬ್ಬಿನ ಕಡಿಂದನ ಎಳೀಪಾ ಗೆರಿ.”

ಸುಶಾಂತ ಟೇಪು ಹಿಡಿದು ಸುತ್ತಿ ಬಂದ. ಅಲಕಾ ಹೊಸ ಅಳತೆ ಬರೆದು, ಅರ್ಜಿಯನ್ನು ಸಹಿಗೆ ಮಾವನ ಮುಂದೆ ಹಿಡಿದಳು.

“ಮೂರ ಸಲ ಓದಿದೇನ?”

“ಒಂದ ಸಲರಿ. ಮತ್ತ ನಿಮ್ಮ ಮನಸ ಬದಲಾದೀತಂತ...”

“ತಡಿ ಹಂಗಾರ,” ಎಂದು ತವನಪ್ಪ ಬದುವಿನ ಮೇಲೆ ಕೂತು ಚಷ್ಮಾ ಏರಿಸಿದರು. “ಉಳಿದ ಎರಡ ಸಲ ನಾ ಓದ್ತೇನಿ.”