ಸಂಜೆ ಆರರ ಭೈರವ

ನನ್ನ ಮಾವ ಬಟುಕನಾಥ ಮಿಶ್ರರು ಸಂಜೆ ಆರಕ್ಕೆ ಭೈರವ ರಾಗ ಹಾಡತೊಡಗಿ ಅಂದಿಗೆ ಹತ್ತು ದಿನ. ಸಂಗೀತಗಾರರೇ ತುಂಬಿದ ನಮ್ಮ ಕಬೀರ ಚೌರಾ ಗಲ್ಲಿಯಲ್ಲಿ ಗಂಗಾಸ್ನಾನ ತಪ್ಪಿಸಿದವರನ್ನು ಕ್ಷಮಿಸಿಯಾರು; ಬೆಳಗಿನ ರಾಗವನ್ನು ದೀಪ ಹಚ್ಚುವ ಹೊತ್ತಿಗೆ ಹಾಡಿದವರನ್ನಲ್ಲ. ಅರವತ್ತು ವರ್ಷ ಹೊತ್ತು ತಪ್ಪದೆ ಹಾಡಿದವರಿಗೆ ಅರಳುಮರಳು ಎಂದು ಗಲ್ಲಿಯೆಲ್ಲ ಗುಸುಗುಸು. ಇಬ್ಬರು ಶಿಷ್ಯೆಯರು ಬರುವುದನ್ನೇ ಬಿಟ್ಟರು. ನನ್ನ ಗಂಡ ಮರುದಿನಕ್ಕೆ ಮಿದುಳಿನ ಡಾಕ್ಟರನ್ನು ಗೊತ್ತುಮಾಡಿ, ಇನ್ನು ಪಾಠವೂ ಬೇಡ ಎಂದುಬಿಟ್ಟಿದ್ದ. ಪಾಠ ನಿಂತರೆ ಈ ಮುದುಕ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ನರ್ಸು. ಆ ತಿಂಗಳು ರಾತ್ರಿ ಪಾಳಿ. ಹಗಲು ಪರದೆ ಎಳೆದುಕೊಂಡು ಮಲಗಿದರೆ, ಹಾಳಾದ್ದು, ಅದೂ ಒಂದು ನಿದ್ದೆಯೇ? ಅದರೊಳಗೆ ಭೈರವ ಸಣ್ಣಗೆ ಇಳಿಯುತ್ತಿತ್ತು. ಕನಸಿನಲ್ಲಿ ಗಂಗೆಯ ಮೇಲೆ ಮಂಜು, ಹುಟ್ಟಿಲ್ಲದೆ ತೇಲುವ ದೋಣಿ; ಅದರಲ್ಲಿ ಮಲಗಿದ ನನ್ನನ್ನು ಯಾರೋ ಮೆಲ್ಲಗೆ ದಡಕ್ಕೆ ತರುತ್ತಿದ್ದರು. ಕಣ್ಣು ಬಿಟ್ಟಾಗ ಬೆಳಗಾಗಿದೆ ಎನಿಸಿ ಸುಖವಾಗುತ್ತಿತ್ತು. ಆಮೇಲೆ ಗಡಿಯಾರ ನೋಡಿದರೆ ಸಂಜೆ ಆರು ದಾಟಿರುತ್ತಿತ್ತು.

ಅಂದು ಎದುರುಮನೆ ಕಿಟಕಿಯಿಂದ ತಬಲಾದ ಲಲ್ಲನ್ ಚಾಚಾ ಕೂಗಿದರು: "ಏನ್ ಪಂಡಿತ್‌ಜಿ, ಸೂರ್ಯ ಇವತ್ತೂ ಪಶ್ಚಿಮದಲ್ಲೇ ಹುಟ್ಟಿದ್ನಾ? ಸೊಸೆಗೆ ಹೇಳಿ, ಒಂದು ಗಡಿಯಾರ ಕೊಡಿಸ್ತಾಳೆ!"

ನಾನು ಹೋಗಿ ಮಾವನ ಎದುರು ಕುಳಿತೆ. "ಬಾಬೂಜಿ, ಈಗ ಹೊತ್ತೆಷ್ಟು?"

ತಂಬೂರಿ ನಿಲ್ಲಲಿಲ್ಲ. "ಆರೂಕಾಲು."

"ಬೆಳಿಗ್ಗೆನೋ, ಸಂಜೆನೋ?"

"ಯಾರಿಗೆ?"

"ಒಗಟು ಬೇಡ! ನಂಗೆ ಭಯ ಆಗ್ತಿದೆ."

"ನಂಗೆ ಸಂಜೆ, ನಿಂಗೆ ಬೆಳಿಗ್ಗೆ. ರಾತ್ರಿ ಪಾಳಿಯ ಮೊದಲನೇ ದಿನ ಮೊಬೈಲಿನ ಅಲಾರಂ ಕಿರುಚ್ದಾಗ ನೀನು ಬೆಚ್ಚಿಬಿದ್ದು ಎದೆ ಹಿಡ್ಕೊಂಡು ಕೂತಿದ್ದೆ, ನಾನು ನೋಡಿದೆ. ಹಾಗಾ ಎಬ್ಬಿಸೋದು ಮನೆಮಗಳನ್ನ? ಭೈರವ ಏಳೋರಿಗೆ ಕಣಮ್ಮಾ, ಸೂರ್ಯನಿಗಲ್ಲ."

"ಮೊದಲೇ ಹೇಳ್ಬಾರ್ದಿತ್ತಾ? ಶಿಷ್ಯರು ಹೋದ್ರು. ಜನ ಹುಚ್ಚು ಅಂತಿದಾರೆ."

"ಅನ್ಲಿ ಬಿಡಮ್ಮಾ. ಪಾಪ, ಅವರು ರಾತ್ರಿ ಮಲಗೋ ಜನ."

ನಾನು ಅವರ ಮೊಣಕಾಲಿಗೆ ಹಣೆಯಿಟ್ಟು ಗೊಳೋ ಎಂದು ಅತ್ತೆ. ಹೆತ್ತವಳೂ ನನ್ನನ್ನು ಇಷ್ಟು ಮೆತ್ತಗೆ ಎಬ್ಬಿಸಿರಲಿಲ್ಲ. ಆಮೇಲೆ ಗಂಡನಿಗೆ ಫೋನು ಮಾಡಿ, ಡಾಕ್ಟರೂ ಬೇಡ, ನಿನ್ನ ತಲೆಯೂ ಬೇಡ ಎಂದು ಬೈದೆ. ಕೆದರಿದ ಕೂದಲಲ್ಲೇ ಕಿಟಕಿ ತೆರೆದು, ಗಲ್ಲಿಗೆಲ್ಲ ಕೇಳುವಂತೆ ಕೂಗಿದೆ:

"ಲಲ್ಲನ್ ಚಾಚಾ, ತಬಲಾ ತಗೊಂಡು ಬನ್ನಿ! ನಮ್ಮನೇಲಿ ಈಗಷ್ಟೇ ಬೆಳಗಾಯ್ತು!"